ನಾನು ನೋಡದ ಪಾಠಗಳು

ಮಾರ್ಚ್ ೧೨, ಗುರುವಾರ

ಸಿಟ್ಟಾಗಬೇಕೋ ಸಮಾಧಾನಪಡಬೇಕೋ ತಿಳಿಯುತ್ತಿಲ್ಲ. ಆನ್‌ಲೈನ್ ಎಂ.ಎ. ಪಾಠಗಳನ್ನೆಲ್ಲ ಇವತ್ತು ಸಂಜೆಯೊಳಗೆ ನೋಡಿ ಮುಗಿಸದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂದು ಪೋರ್ಟಲ್ ಎಚ್ಚರಿಸುತ್ತಲೇ ಇತ್ತು. ನಾನೋ ವಾರದಿಂದ ಒಂದೇ ಪದ್ಯದ ಪಾಠದಲ್ಲಿ ಸಿಕ್ಕಿಕೊಂಡಿದ್ದೆ. ಕೆಲಸದಿಂದ ಬಂದು ನೋಡಿದರೆ ಎಲ್ಲ ಪಾಠಗಳ ಮುಂದೂ 'ನೋಡಿ ಮುಗಿಸಿದೆ' ಎನ್ನುವ ಹಸಿರು ಗುರುತು.

"ನಾನೇ ಓಡಿಸ್ದೆ ಅಮ್ಮಾ, ಸೌಂಡ್ ಆಫ್ ಮಾಡಿ, ಡಬಲ್ ಸ್ಪೀಡಲ್ಲಿ," ಎಂದಳು ಮಗಳು. "ನೀನು ಒಂದೊಂದು ಸಾಲಿಗೂ ಕಣ್ಣು ಮುಚ್ಕೊಂಡು ಕೂತ್ರೆ, ಪೋರ್ಟಲ್ ನೀನು ಮಲಗಿದೀಯ ಅಂದ್ಕೊಳ್ಳುತ್ತೆ."

"ಹಾಗಾದ್ರೆ ಪರೀಕ್ಷೆನೂ ನೀನೇ ಬರಿ."

"ಬರೀತೀನಿ, ಪದ್ಯ ಇಲ್ದಿದ್ರೆ."

ನಕ್ಕುಬಿಟ್ಟೆ. ಅಷ್ಟರಲ್ಲಿ ಪಾಠ ಮಾಡುವ ಮೇಡಂ ಸಂದೇಶ ಬಂತು: 'ಒಂದೇ ದಿನದಲ್ಲಿ ಇಷ್ಟು ಶ್ರದ್ಧೆ! ತುಂಬ ಸಂತೋಷ.' ನಗು ಇಂಗಿಹೋಯಿತು. ನಿಜ ಹೇಳಿದರೆ ಈ ವರ್ಷ ಹೋದಂತೆಯೇ. ಹೇಳದಿದ್ದರೆ ಯಾರೂ ಕೇಳುವುದಿಲ್ಲ. ಆದರೆ ನಾನು ಮನಸಾರೆ ಓದಿದ ವಾರವೆಲ್ಲ ಅಲ್ಲಿ ಕೆಂಪು ಇತ್ತು, ಏನೂ ಓದದ ಇವತ್ತು ಹಸಿರು. ಇದರಲ್ಲಿ ಯಾವುದನ್ನು ಸುಳ್ಳು ಅನ್ನಲಿ?

ಮೇಡಂಗೆ ಬರೆಯಲು ಕೂತೆ. 'ಆ ಪಾಠಗಳನ್ನು ನೋಡಿದ್ದು ನಾನಲ್ಲ. ಆದರೆ ಒಂದು ಪದ್ಯವನ್ನು ಮಾತ್ರ' ಎನ್ನುವಲ್ಲಿಗೆ ನಿಂತಿದ್ದೇನೆ. ಈ ವಾಕ್ಯ ಮುಗಿದರೆ ಕಳಿಸುತ್ತೇನೆ. ಮುಗಿದರೆ.