ಅಡುಗೆಮನೆಯ ಸ್ಟಾಕ್ ಪುಸ್ತಕ

ರೀ,

ನಾನು ಕೆಲಸಕ್ಕೆ ಹೊರಟೆ. ಎದ್ದ ಕೂಡಲೇ ಇದನ್ನು ಪೂರ್ತಿ ಓದಿ, ಅರ್ಧಕ್ಕೇ ಬಿಡಬೇಡಿ.

ಬಟ್ಟೆ ಮಿಲ್ಲಿನ ಕೆಮಿಕಲ್ ಸ್ಟೋರ್‌ಕೀಪರ್ ಇಂಟರ್‌ವ್ಯೂ ಇರುವುದು ಹತ್ತು ಗಂಟೆಗೆ, ಹತ್ತೂವರೆಗಲ್ಲ. ಇಸ್ತ್ರಿ ಮಾಡಿದ ಶರ್ಟು ಬಾಗಿಲ ಹಿಂದೆ ಇದೆ. ಸರ್ಟಿಫಿಕೇಟುಗಳ ಜೆರಾಕ್ಸ್ ಮಾಡಿಸಿ ಅಂತ ನಾಲ್ಕು ದಿನದಿಂದ ಬಾಯಿ ಬಡಿದುಕೊಂಡೆ. ಕೊನೆಗೆ ನಾನೇ ಮಾಡಿಸಿ ಫೈಲಿನಲ್ಲಿ ಇಟ್ಟಿದ್ದೇನೆ.

ಪ್ರಾಕ್ಟೀಸ್ ಅಂತ ಹೇಳಿ ಅಡುಗೆಮನೆಯನ್ನೇ ಸ್ಟೋರ್ ಮಾಡಿಟ್ಟಿದ್ದೀರಲ್ಲ, ನನಗೆ ಸಾಕಾಗಿ ಹೋಗಿದೆ. ಸೋರುವಂಥದ್ದು ಕೆಳಗೇ ಇರಬೇಕು ಅಂತ ಎಣ್ಣೆ, ವಿನೆಗರ್ ಎಲ್ಲ ನೆಲದ ಮೇಲೆ. ಪುಡಿಗಳಿಗೆ ನೀರು ತಾಗಬಾರದು ಅಂತ ಕುಡಿಯುವ ನೀರಿನ ಕ್ಯಾನು ಹಾಲ್‌ನಲ್ಲಿ. ಬೆಳಿಗ್ಗೆ ಉಪ್ಪು ಹುಡುಕುವುದಕ್ಕೇ ಕಾಲು ಗಂಟೆ ಹಿಡಿಯಿತು. ನಿನ್ನೆ ಅತ್ತೆ ಟೀ ಪುಡಿ ಕೇಳಿದರೆ, "ಅಮ್ಮ, ಮೊದ್ಲು ಪುಸ್ತಕದಲ್ಲಿ ಸಹಿ ಹಾಕು" ಅಂದಿರಿ. ಪಾಪ, ಅವರು ಕನ್ನಡಕ ಹುಡುಕಿಕೊಂಡು ಬಂದು ಸಹಿ ಹಾಕಿದರು.

ಇನ್ನೊಂದು ಮಾತು. ಹಳೇ ಮಿಲ್ಲು ಯಾಕೆ ಬಿಟ್ಟಿರಿ ಅಂತ ಕೇಳೇ ಕೇಳುತ್ತಾರೆ. ಹೋದ ಸಲದ ಹಾಗೆ "ಹುಷಾರಿರ್ಲಿಲ್ಲ ಸಾರ್" ಅಂತ ತೊದಲಬೇಡಿ. ಸೂಪರ್‌ವೈಸರ್ ಸಹಿ ಹಾಕದೆ ಆಸಿಡ್ ಡ್ರಮ್ ಕೇಳಿದ, ನೀವು ಕೊಡಲಿಲ್ಲ, ಅದಕ್ಕೇ ಮನೆಗೆ ಕಳಿಸಿದರು. ಅದರಲ್ಲಿ ನಾಚಿಕೆಪಡುವಂಥದ್ದು ಏನಿದೆ? ಇದ್ದದ್ದನ್ನು ಇದ್ದ ಹಾಗೆ ಹೇಳಿ.

ನಂಬದಿದ್ದರೆ ಅಡುಗೆಮನೆಯ ಪುಸ್ತಕ ತೋರಿಸಿ, ಅದನ್ನೂ ಫೈಲಿನಲ್ಲೇ ಇಟ್ಟಿದ್ದೇನೆ. ಮೊದಲ ಪುಟದಲ್ಲೇ ನಿಮ್ಮ ಹೆತ್ತಮ್ಮನ ಸಹಿ ಇದೆ: ಟೀ ಪುಡಿ, ಎರಡು ಚಮಚ.