ಸಿಯಾ ಮತ್ತು ಫಿಂಡಾರ ನಡುವಿನವಳು

ಕೊಯಿಡು, ಕೋನೋ ಜಿಲ್ಲೆ
ನವೆಂಬರ್ ೧೪, ಮಂಗಳವಾರ

ನನ್ನ ಮುದ್ದಿನ ತಂಗಿ ಕುಂಬಾ,

ಹೇಗಿದ್ದೀಯೆ? ಕುತ್ತಿಗೆ ನೋವು ಕಡಿಮೆಯಾಯಿತೆ? ಈ ಕಾಗದವನ್ನು ಲಾರಿ ಓಡಿಸುವ ಐಯಾನ ಕೈಲಿ ಕಳಿಸುತ್ತಿದ್ದೇನೆ, ನೀನು ನೀರು ಮಾರುವ ಬಸ್ ನಿಲ್ದಾಣದಲ್ಲೇ ಕೊಡುತ್ತಾನೆ. ಚಿಕ್ಕಮ್ಮನ ಕಣ್ಣಿಗೆ ಬೀಳಿಸಬೇಡ. ಮೂರನೇ ಕ್ಲಾಸಿನವರೆಗೆ ಕಲಿತಿದ್ದೀಯಲ್ಲ, ನಿಧಾನಕ್ಕೆ ಓದಿಕೋ. ಅಮ್ಮನೂ ಪುಟ್ಟ ಫಿಂಡಾಳೂ ಚೆನ್ನಾಗಿದ್ದಾರೆ.

ನನಗೊಂದು ಕೆಲಸ ಸಿಕ್ಕಿದೆ. ಓದಿಸುತ್ತೇವೆಂದು ಕರೆದೊಯ್ದು ಪುಕ್ಕಟೆ ದುಡಿಸಿಕೊಳ್ಳುತ್ತಾರಲ್ಲ, ಅಂಥ ಮಕ್ಕಳು ನಮ್ಮ ಕಡೆಯಿಂದ ಎಷ್ಟು ಮಂದಿ ಹೋಗಿದ್ದಾರೆಂದು ಮನೆ ಮನೆಗೆ ಹೋಗಿ ಎಣಿಸುವುದು. ಯಾರೂ ಬಾಯಿ ಬಿಡುವುದಿಲ್ಲ. ಆದರೆ ನಮ್ಮ ಕೋನೋ ಜನ ಮಕ್ಕಳನ್ನು ಬಚ್ಚಿಡುವುದು ಎಲ್ಲಿ ಸಾಧ್ಯ? ಯಾವ ಮನೆಯಲ್ಲಾದರೂ ಹುಟ್ಟಿದ ಕ್ರಮಕ್ಕೇ ಹೆಸರು: ಮೊದಲ ಮಗಳು ಸಿಯಾ, ಎರಡನೆಯವಳು ಕುಂಬಾ, ಮೂರನೆಯವಳು ಫಿಂಡಾ. ಹೆಸರು ಹೇಳಿಸಿದರೆ ಸಾಕು, ನಡುವೆ ಯಾರಿಲ್ಲ ಎಂದು ಗೊತ್ತಾಗಿಬಿಡುತ್ತದೆ. ಸತ್ತಿದ್ದರೆ ಹೇಳುತ್ತಾರೆ, ಹೇಳದಿದ್ದರೆ ಕಳಿಸಿದ್ದಾರೆಂದೇ ಅರ್ಥ. ಈ ಉಪಾಯ ನನ್ನದೇ. ಸಾಹೇಬರು ಬೆನ್ನು ತಟ್ಟಿದರು, ನಾನೂ ಉಬ್ಬಿದೆ.

ಸ್ವಂತ ಮನೆಯನ್ನು ನಾವೇ ಎಣಿಸುವಂತಿಲ್ಲ. ನಮ್ಮ ಮನೆಗೆ ನನ್ನ ಜೊತೆ ಕೆಲಸ ಮಾಡುವ ತಾಂಬಾ ಬಂದ. ಅಮ್ಮ "ಎರಡೇ ಹೆಣ್ಮಕ್ಕಳಪ್ಪ, ಸಿಯಾ, ಫಿಂಡಾ" ಎಂದಳು. "ನಡುವಿನವಳನ್ನ ನುಂಗ್ಬಿಟ್ರಾ ಅತ್ತೆ?" ಎಂದು ಅವನು ನಕ್ಕ. ಅಮ್ಮನಿಗೆ ರೇಗಿತು. "ಅವಳು ಫ್ರೀಟೌನಲ್ಲಿ ನನ್ನ ತಂಗಿ ಮನೇಲಿ ಓದ್ತಿದಾಳೆ. ಚಿಕ್ಕಮ್ಮನ ಮನೇಲಿರೋಳ್ನ ಈ ಲೆಕ್ಕಕ್ಕೆ ಯಾಕಪ್ಪ ಎಳೀತೀಯ? ನಮ್ಮ ಸಿಯಾನ್ನೇ ಕೇಳು, ಹೋದ ಕ್ರಿಸ್‌ಮಸ್‌ನಲ್ಲಿ ಕಣ್ಣಾರೆ ನೋಡ್ಕೊಂಡು ಬಂದಿದಾಳೆ." ಇಬ್ಬರೂ ನನ್ನ ಮುಖ ನೋಡಿದರು. ಅಲ್ಲಿ ನಾನು ಕಂಡದ್ದು ನಿನ್ನ ತಲೆಯ ಮೇಲಿನ ನೀರಿನ ಬಕೆಟ್ಟು, ಕೈಮೇಲಿನ ಸುಟ್ಟ ಗಾಯ. "ಅಮ್ಮಂಗೆ ಹೇಳ್ಬೇಡ ಕಣೇ, ಎದೆ ಒಡ್ಕೊಂಡುಬಿಡ್ತಾಳೆ" ಎಂದು ನೀನು ಮಾತು ತೆಗೆದುಕೊಂಡಿದ್ದೆ. "ಹೂಂ, ಓದ್ತಿದಾಳೆ" ಎಂದುಬಿಟ್ಟೆ. ತಾಂಬಾ ಸೊನ್ನೆ ಬರೆದುಕೊಂಡು ಪಕ್ಕದ ಮನೆಗೆ ಹೋದ. ಊರವರ ಸುಳ್ಳನ್ನೆಲ್ಲ ಹಿಡಿದವಳು ನಾನು. ನಾಚಿಕೆಯಾಗುತ್ತದೆ ಕುಂಬಾ.

ದೇವರು ನಿನ್ನನ್ನು ಕಾಯಲಿ. ಸಿಕ್ಕಿದ್ದನ್ನು ಹೊಟ್ಟೆ ತುಂಬ ತಿನ್ನು.

ನಿನ್ನ ಅಕ್ಕ
ಸಿಯಾ

ತಾ.ಕ.: ಐಯಾ ಆಗಲೇ ಹಾರನ್ ಹೊಡೆಯುತ್ತಿದ್ದಾನೆ. ನನ್ನ ಮಾತು ನಂಬಿ ಅಮ್ಮ ಫಿಂಡಾಳನ್ನೂ ಚಿಕ್ಕಮ್ಮನ ಮನೆಗೆ ಕಳಿಸಲು ಚೀಲ ಕಟ್ಟಿದ್ದಳು. ನಿನಗೆ ಕೊಟ್ಟ ಮಾತು ಮುರಿದೆ, ಇವತ್ತು ಬೆಳಿಗ್ಗೆ ಎಲ್ಲ ಹೇಳಿದೆ. ಅಮ್ಮ ಚೀಲದಿಂದ ಫಿಂಡಾಳ ಬಟ್ಟೆ ತೆಗೆದು ತನ್ನದು ತುಂಬಿಕೊಂಡಳು. ಶುಕ್ರವಾರ ಬಸ್ ನಿಲ್ದಾಣಕ್ಕೆ ಬರುತ್ತಾಳೆ, ನೀನು ಅಲ್ಲಿಂದ ಕದಲಬೇಡ. ನಿನ್ನನ್ನು ಕಳಿಸಿದಾಗ ನಿನಗೆ ಒಂಬತ್ತು, ನೀನು ಹೋಗಿ ಈಗ ಆರು ವರ್ಷವಾಗಿದೆ. ಅಮ್ಮ ಗುರುತು ಸಿಗದೆ ನಿನ್ನ ಹತ್ತಿರವೇ ನೀರು ಕೇಳಿದರೆ, ನಿನ್ನ ಹೆಸರು ಹೇಳು.