ಅರವತ್ಮೂರು ಜನರ ಒಂದೇ ವಿಳಾಸ

ವಿಳಾಸ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನಮ್ಮ ಚರ್ಚಿನ ವಿಳಾಸದಲ್ಲಿದ್ದ ಅರವತ್ಮೂರು ಜನರ ಹೆಸರನ್ನು ತಾವು ಒಂದೇ ಸಹಿಯಲ್ಲಿ ಹೊಡೆದುಹಾಕಿದ್ದೀರಿ. ಕಾರಣ: ‘ಸದರಿ ವ್ಯಕ್ತಿಗಳು ಸದರಿ ಸ್ಥಳದಲ್ಲಿ ವಾಸವಾಗಿರುವುದಿಲ್ಲ.’ ಎಷ್ಟು ಸತ್ಯವಾದ ಮಾತು! ಅವರು ಎಲ್ಲಿಯೂ ವಾಸವಾಗಿಲ್ಲ ಸ್ವಾಮಿ. ಮನೆ ಇಲ್ಲದವರು ಎಂದು ಅವರನ್ನು ಕರೆಯುವುದೇ ಅದಕ್ಕೆ. ಇದನ್ನು ಕಂಡುಹಿಡಿಯಲು ತಮಗೆ ಒಬ್ಬ ತಪಾಸಣಾಧಿಕಾರಿ, ಒಂದು ಜೀಪು, ನಾಲ್ಕು ಪ್ರತಿಗಳ ವರದಿ ಬೇಕಾಯಿತೇ?

ನಾನು ಆ ಚರ್ಚಿನ ಬಾಗಿಲು ತೆರೆಯುವವನು, ಕಸ ಗುಡಿಸುವವನು, ಗಂಟೆ ಹೊಡೆಯುವವನು. ಹನ್ನೆರಡು ವರ್ಷದ ಹಿಂದೆ ನಮ್ಮ ಪಾದ್ರಿಗಳು ಹಾಡಿನ ಪುಸ್ತಕದ ಕಪಾಟು ಖಾಲಿ ಮಾಡಿಸಿ, ಖಾನೆಗಳ ಮೇಲೆ ಅಕ್ಷರ ಬರೆಸಿದರು. ಬೀದಿಯಲ್ಲಿರುವವರಿಗೆ ಕಾಗದ ಬಂದರೆ ಇಲ್ಲಿ ಸಿಗಲಿ ಎಂದು. ಊಟ ಕೊಡುವವರು ಬೇಕಾದಷ್ಟಿದ್ದಾರೆ, ವಿಳಾಸ ಕೊಡುವವರು ಒಬ್ಬರೂ ಇಲ್ಲ ಎಂದರು. ನಾನು ಗೊಣಗಿದೆ. ಆಮೇಲೆ ಪಿಂಚಣಿಯ ಆದೇಶ, ಆಸ್ಪತ್ರೆಯ ಚೀಟಿ, ಎಲ್ಲೋ ಇರುವ ಮಗಳ ಪತ್ರ ಎಲ್ಲ ಆ ಖಾನೆಗಳಿಗೆ ಬಂದು ಬೀಳುವುದನ್ನು ಕಂಡು ಬಾಯಿ ಮುಚ್ಚಿಕೊಂಡೆ. ಅಂಚೆ ವಿಂಗಡಿಸುವುದೂ ದೇವರ ಸೇವೆಯೇ ಎಂದು ನನಗೆ ಗೊತ್ತಾದದ್ದು ಹಾಗೆ.

ಹೋದ ತಿಂಗಳು ತಮ್ಮ ತಪಾಸಣಾಧಿಕಾರಿ ಬಂದಾಗ ಪಾದ್ರಿಗಳು ಊರಲ್ಲಿರಲಿಲ್ಲ. ಬೆಂಚು ಒರೆಸುತ್ತಿದ್ದ ನನ್ನನ್ನೇ ಕೇಳಿದರು.

“ಏನ್ರೀ, ಇವರೆಲ್ಲ ಇಲ್ಲೇ ಮಲಗ್ತಾರಾ?”

“ಇಲ್ಲ ಸಾರ್, ಇಲ್ಲಿ ಯಾರೂ ಮಲಗಲ್ಲ. ಕಾಗದ ತಗೊಂಡು ಹೋಗ್ತಾರೆ ಅಷ್ಟೆ.”

“ಬರೆದು ಕೊಡ್ತೀರಾ?”

“ಅದಕ್ಕೇನಂತೆ ಸಾರ್, ನಿಜಾನೇ ಅಲ್ವಾ!”

ಬರೆದೂ ಕೊಟ್ಟೆ, ಕುರ್ಚಿ ಹಾಕಿ ಟೀಯನ್ನೂ ಕೊಟ್ಟೆ. ಬೇರೆ ಯಾರಾದರೂ ಆಗಿದ್ದರೆ ಕಣ್ಣು ಮಿಟುಕಿಸದೆ ‘ಹೌದು’ ಎಂದು ಕೈತೊಳೆದುಕೊಳ್ಳುತ್ತಿದ್ದರು. ನಾನು ಚಿಕ್ಕಂದಿನಿಂದ ಆ ಬೆಂಚುಗಳ ಮೇಲೆ ಕೂತು ಸುಳ್ಳು ಹೇಳಬಾರದೆಂದು ಕಲಿತವನು. ಹಾಗೆ ಕಲಿತದ್ದರ ಫಲ ಈಗ ತಮ್ಮ ಕಡತದಲ್ಲಿದೆ.

ಇಸ್ತ್ರಿ ಅಕ್ಕನ ಹೆಸರೂ ಆ ಪಟ್ಟಿಯಲ್ಲಿತ್ತು. ಇಪ್ಪತ್ತು ವರ್ಷ ಊರವರ ಬಟ್ಟೆ ಇಸ್ತ್ರಿ ಮಾಡಿದವಳು. ಗಂಡ ತೀರಿಹೋದ ಮೇಲೆ ಮೈದುನ ಹೊರಗೆ ಹಾಕಿದ, ಬಸ್ ನಿಲ್ದಾಣ ಸೇರಿದಳು. ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ಆಸ್ಪತ್ರೆಯಲ್ಲಿ ಉಚಿತ ಚಿಕಿತ್ಸೆಯ ಕಾರ್ಡು ಕೊಟ್ಟರೆ ಕಂಪ್ಯೂಟರಿನಲ್ಲಿ ‘ವಿಳಾಸ ರದ್ದು’ ಎಂದು ಬಂತು. ಅವಳನ್ನು ಕರೆದುಕೊಂಡು ತಮ್ಮ ಕಚೇರಿಗೆ ಬಂದೆ. “ಹೊಸ ಅರ್ಜಿ ಹಾಕಿ, ನಲವತ್ತೈದು ದಿನ ಆಗತ್ತೆ” ಎಂದರು ಗುಮಾಸ್ತರು.

“ಅಷ್ಟು ದಿನ ನಾನೇ ಇರಲ್ವಲ್ಲಪ್ಪ” ಎಂದು ಅಕ್ಕ ನಕ್ಕಳು. ಗುಮಾಸ್ತರು ಸರದಿಯಲ್ಲಿದ್ದ ಮುಂದಿನವರನ್ನು ಕರೆದರು.

ಈಗಾಗಲೇ ಎರಡು ಸರದಿ ತಪ್ಪಿವೆ. ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿಲ್ಲ. ಪಾದ್ರಿಗಳು ಅವಳನ್ನು ಚರ್ಚಿನೊಳಗೇ ಇಟ್ಟುಕೊಂಡಿದ್ದಾರೆ. ಮಲಗಿದರೆ ಉಸಿರು ಕಟ್ಟುತ್ತದೆಂದು ಹಗಲೂ ರಾತ್ರಿ ಬೆಂಚಿನ ಮೇಲೆ ಕೂತೇ ಇರುತ್ತಾಳೆ. ಆದ್ದರಿಂದ ಗಾಬರಿಯಾಗಬೇಡಿ, ನಮ್ಮಲ್ಲಿ ಇನ್ನೂ ಯಾರೂ ಮಲಗುತ್ತಿಲ್ಲ. ನಾನು ಬರೆದುಕೊಟ್ಟದ್ದನ್ನು ಅವಳಿಗೆ ಹೇಳಿದೆ. “ಇದ್ದದ್ದನ್ನ ತಾನೆ ಹೇಳಿದ್ದು ತಮ್ಮಾ, ಬಿಡು” ಎಂದಳು. ಅವಳು ಬೈದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇಂದು ಬುಧವಾರ. ಶುಕ್ರವಾರ ಬೆಳಿಗ್ಗೆ ಅವಳ ಸರದಿ. ಇದೂ ತಪ್ಪಿದರೆ ಆಸೆ ಬಿಡಿ ಎಂದು ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ಅರವತ್ಮೂರು ಹೆಸರೂ ಮತ್ತೆ ಪಟ್ಟಿಗೆ ಸೇರಬೇಕು. ಮರುತಪಾಸಣೆ ಇಲ್ಲದೆ ಆಗದು ಎನ್ನುವುದಾದರೆ ಅದೇ ಅಧಿಕಾರಿಯನ್ನು ಇವತ್ತೇ ಕಳಿಸಿ. ಅರವತ್ಮೂರು ಜನರೂ ಇಲ್ಲೇ ಮಲಗುತ್ತಾರೆ ಎಂದು ಹೇಳುತ್ತೇನೆ. ಯಾರು ಯಾವ ಬೆಂಚಿನ ಮೇಲೆ ಎಂದೂ ಬರೆದು ಸಹಿ ಹಾಕುತ್ತೇನೆ. ಅದು ಸುಳ್ಳೆಂದು ಈಗಲೇ ಈ ಪತ್ರದಲ್ಲಿ ಒಪ್ಪಿಕೊಂಡಿದ್ದೇನೆ. ಆ ಸುಳ್ಳಿಗೆ ದೇವರ ಮುಂದೆ ಏನಾದರೊಂದು ಉತ್ತರ ಕೊಟ್ಟುಕೊಳ್ಳುತ್ತೇನೆ. ನಾನು ಹೇಳಿದ ನಿಜಕ್ಕೆ ಏನು ಉತ್ತರ ಕೊಡಬೇಕೋ, ಅದೇ ತಿಳಿಯುತ್ತಿಲ್ಲ.

ಇಂತಿ,
ತಮ್ಮ ಕೆಲಸ ಹಗುರ ಮಾಡಿಕೊಟ್ಟ
ಚರ್ಚಿನ ಗಂಟೆ ಹೊಡೆಯುವವ